ಬೀಜಕ್ಕೆ ಹಾಕುವ ಪುಡಿ

ಕಾಲುವೆಗೆ ನೀರು ಬಂದು ಸಸಿಮಡಿಗಳು ಗೇಣುದ್ದ ಬೆಳೆದವೆಂದರೆ ದೇವಾಪುರದ ಗದ್ದೆಗಳಲ್ಲಿ ಎಲ್ಲಿ ನೋಡಿದರೂ ಬಾಗಿದ ಬೆನ್ನುಗಳೇ. ಭತ್ತದ ನಾಟಿ ಈ ಸೀಮೆಯಲ್ಲಿ ಹೆಂಗಸರ ಕೆಲಸ. ಬೆಳಿಗ್ಗೆ ಕೆಸರಿಗೆ ಇಳಿದವರು ಹೊತ್ತು ಇಳಿಯುವವರೆಗೆ ಬದುವಿಗೆ ಹತ್ತುವುದಿಲ್ಲ. ಅಷ್ಟು ಹೊತ್ತೂ ಸೀರೆ ಒದ್ದೆ, ಲಂಗ ಒದ್ದೆ, ಮೈ ಒದ್ದೆ. ಸೊಂಟ ನೋಯುತ್ತದೆಂದು ಅವರು ಊರಿಗೆಲ್ಲ ಕೇಳುವಂತೆ ಹೇಳಿಕೊಳ್ಳುತ್ತಾರೆ. ಕಾಲ್ಬೆರಳ ಸಂದಿ ಕೊಳೆತದ್ದನ್ನು ಕಾಲೆತ್ತಿ ತೋರಿಸುತ್ತಾರೆ. ಇನ್ನೊಂದು ತೊಂದರೆಯನ್ನು ಮಾತ್ರ ಯಾರೂ ಹೆಸರಿಟ್ಟು ಕರೆಯುವುದಿಲ್ಲ. ಒಬ್ಬಳು ಇನ್ನೊಬ್ಬಳ ಮುಖ ನೋಡಿ, “ಅದೇ” ಎನ್ನುತ್ತಾಳೆ. ಇನ್ನೊಬ್ಬಳು ತಲೆಯಾಡಿಸುತ್ತಾಳೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಈ “ಅದೇ”ಯನ್ನು ಹನ್ನೊಂದು ವರ್ಷದಿಂದ ಕೇಳುತ್ತ ಬಂದ ಆಶಾ ಕಾರ್ಯಕರ್ತೆ ಸುಗರಾಬಿಗೆ ಆ ವರ್ಷ ನಿಜಕ್ಕೂ ಸಾಕುಸಾಕಾಗಿತ್ತು.

ಅಂದು ಬೆಳಿಗ್ಗೆ ಅವಳು ಮೋನಮ್ಮನ ಮನೆಯ ಬಾಗಿಲಿಗೆ ಬಂದು ನಿಂತದ್ದು ಆ ತಿಂಗಳಲ್ಲಿ ಮೂರನೆಯ ಸಲ. ಮೋನಮ್ಮ ಹದಿನಾಲ್ಕು ಹೆಂಗಸರ ನಾಟಿ ಗುಂಪಿನ ಮುಂದಾಳು. ಮೂವತ್ತೆಂಟರ ಹೆಣ್ಣುಮಗಳು, ಗಟ್ಟಿ ದನಿ, ಗಟ್ಟಿ ಕೈ. ಆ ಗುಂಪಿನಲ್ಲಿ ಹಳೆಯದೊಂದು ಕಟ್ಟಳೆ ಇತ್ತು: ಬದುವಿಗೆ ಏನೇ ಬರಲಿ, ಮಿರ್ಚಿ ಬಜ್ಜಿ ಬರಲಿ, ಚಹಾ ಬರಲಿ, ಎಲೆ ಅಡಿಕೆ ಬರಲಿ, ಮೋನಮ್ಮನ ಕೈಯಿಂದ ಎಲ್ಲರಿಗೂ ಸಮಪಾಲು. ಈ ಸಮಪಾಲಿನ ಬಗೆಗೆ ಆ ಗುಂಪಿಗೆ ಬಹಳ ಅಭಿಮಾನ.

ಹದಿನೈದು ದಿನದ ಹಿಂದೆ ಸುಗರಾಬಿ ಅವಳನ್ನು ಬೆನ್ನು ಹತ್ತಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದಳು. ಡಾಕ್ಟರಮ್ಮ ಪರೀಕ್ಷೆ ಮಾಡಿ, ಮಲಗುವಾಗ ಒಳಗೆ ಇಟ್ಟುಕೊಳ್ಳುವ ಆರು ಗುಳಿಗೆಗಳನ್ನು ಕೊಟ್ಟಿದ್ದರು.

“ಆರೂ ಗುಳಿಗಿ ಆದ್ವೇನು?” ಸುಗರಾಬಿ ಹೊಸ್ತಿಲಲ್ಲೇ ಕೇಳಿದಳು.

“ಆದ್ವು ಆಪಾ.”

“ಆರ ದಿನ, ದಿನಕ್ಕೊಂದು?”

ಮೋನಮ್ಮ ಒಲೆಯ ಕಡೆಗೆ ತಿರುಗಿಕೊಂಡಳು. “ಎರಡು ನಾ ಇಟ್ಟಗೊಂಡೆ. ಎರಡು ಲಾಲಮ್ಮಗ ಕೊಟ್ಟೆ. ಎರಡು ಹಣಮಮ್ಮಗ. ಅವರಿಗೂ ಅದೇ ಅದ.”

ಸುಗರಾಬಿ ಹೆಗಲ ಚೀಲವನ್ನು ನೆಲಕ್ಕೆ ಇಳಿಸಿದಳು. “ಮಿರ್ಚಿ ಹಂಚಿದಂಗ ದವಾಖಾನಿ ಗುಳಿಗಿ ಹಂಚಿದೇನು ನೀ?”

“ಮತ್ತ? ಮೂವರೂ ಒಂದ ಸಾಲಿನ್ಯಾಗ ನಿಂತು ಸಸಿ ಹಚ್ಚತೀವಿ. ನಾ ಒಬ್ಬಾಕಿ ಆರಾಮಾಗಿ, ಅವರು ಕೆರಕೋತ ನಿಂದರಬೇಕೇನು?”

“ಈಗ ಯಾರ ಆರಾಮಾದ್ರಿ?”

“ಯಾರೂ ಆಗಿಲ್ಲ. ಲಾಲಮ್ಮ ಅಂತೂ ಎರಡೂ ಬಾಯಾಗ ಹಾಕ್ಕೊಂಡು ನುಂಗ್ಯಾಳ. ಸುಣ್ಣ ತಿಂದಂಗ ಆತು ಅಂದ್ಲು.”

“ಯಾ ಅಲ್ಲಾ,” ಎಂದು ಸುಗರಾಬಿ ಹೊಸ್ತಿಲ ಮೇಲೆ ಕುಳಿತುಬಿಟ್ಟಳು. “ಇಡೀ ಔಷಧ ಒಬ್ಬಾಕಿಗೆ ಅಂತ ಕೊಟ್ಟಿದ್ದು, ತಿಳೀತೇನು? ಎರಡು ದಿನ ಇಟ್ಟಗೊಂಡು ಬಿಟ್ಟರ ತುರಿಕಿ ಜರಾ ತಗ್ಗತದ, ಬ್ಯಾನಿ ಹೋಗಂಗಿಲ್ಲ. ಮುಚ್ಚಿದ ಕೆಂಡದಂಗ ಒಳಗ ಇರ್ತದ. ಅವರಿಗೂ ಇದ್ರ ಅವರನ್ನ ತೋರಸಬೇಕು. ಅವರದು ಇದೇ ಹೌದೋ ಅಲ್ಲೋ ನಿನಗೇನ ಗೊತ್ತು?”

ಕಟ್ಟೆಯ ಮೇಲೆ ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದ ಅತ್ತೆ ದುರಗಮ್ಮ ತಲೆ ಎತ್ತಲಿಲ್ಲ. “ಗುಳಿಗಿ ಬ್ಯಾಡ, ಸೂಜಿ ಬ್ಯಾಡ. ಅದು ಉಷ್ಣ. ಕಾಲುವಿ ನೀರೇ ಉಷ್ಣ. ಕಾಲುವಿ ಬರೂಕಿಂತ ಮೊದಲ ನಮ್ಮೂರಾಗ ಯಾರಿಗಿತ್ತು ಇದು? ದಿನಾ ಸಬಕಾರ ಹಚ್ಚಿ ಒಳಗ ತೊಳಕೊಳ್ಳಂತ ನಾ ಹೇಳೇ ಹೇಳೀನಿ.”

“ಅದಕ ಹಿಂಗ ಆಗ್ಯಾದ ದುರಗಮ್ಮಾ. ಒಳಗ ಸಬಕಾರ ಹಚ್ಚಬಾರದು. ಆ ಜಾಗ ತನ್ನನ್ನ ತಾನೇ ಸ್ವಚ್ಛ ಇಟಗೋತದ. ಹೊರಗ ಬರೀ ನೀರಿಲೆ ತೊಳದು ಒಣಾ ಒರಸಿಕೊಂಡ್ರ ಮುಗೀತು.”

“ನೀ ನಿನ್ನೆ ಮೊನ್ನೆ ಆಶಾ ಆದಾಕಿ.”

ಹನ್ನೊಂದು ವರ್ಷ ದುರಗಮ್ಮನಿಗೆ ನಿನ್ನೆ ಮೊನ್ನೆಯಾಗಿತ್ತು. ಸುಗರಾಬಿ ಚೀಲವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು.

ಮೋನಮ್ಮ ಅವಳನ್ನು ಬೀಳ್ಕೊಡುವ ನೆಪದಲ್ಲಿ ದನದ ಕೊಟ್ಟಿಗೆಯವರೆಗೆ ಬಂದಳು. ಅಲ್ಲಿ ಅವಳ ಗಟ್ಟಿ ದನಿ ಸಣ್ಣದಾಯಿತು. “ಆಪಾ, ಅವರು ಹಾಸಿಗಿ ಪಡಸಾಲಿಗೆ ಒಯ್ದಾರ. ನಾಕ ತಿಂಗಳಾತು. ನಾಟಿ ಮುಗದ ಕೂಡಲೇ ಬಳಿಚಕ್ರಕ್ಕ ಬಿಟ್ಟು ಬರ್ತೀನಿ ಅಂದಾರ. ಬ್ಯಾನಿ ಇಳದ ಮ್ಯಾಲ ಕರಕೊಂಡ ಬರೂದೋ ಬಿಡೂದೋ ನೋಡೂನು ಅಂತಾರ.”

“ಕರಕೊಂಡ ಬರೂದೋ ಬಿಡೂದೋ ಅಂದ್ರ?”

“ಹಂಗೇ ಅಂದ್ರು. ಇದು ಕೆಟ್ಟ ಬ್ಯಾನಿ ಅಂತ ತಲ್ಯಾಗ ಹೊಕ್ಕದ.” ಮೋನಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ನಾಟಿ ಇನ್ನ ಹತ್ತ ದಿನ ಅದ.”

ಬಳಿಚಕ್ರ ಅವಳ ತವರು. ಯಾದಗಿರಿಯ ಕಡೆಯ ಒಣಬೇಸಾಯದ ಊರು. ಹದಿನೆಂಟು ವರ್ಷ ಬಾಳಿದ ಮನೆಯಿಂದ ಇನ್ನು ಹತ್ತು ದಿನಕ್ಕೆ ಹೊರಗಾಗುತ್ತೇನೋ ಎಂಬ ಭಯವನ್ನು ಹೊಟ್ಟೆಯಲ್ಲಿ ಇಟ್ಟುಕೊಂಡು ಈ ಹೆಂಗಸು ದಿನವೂ ಹದಿಮೂರು ಮಂದಿಯ ಮುಂದೆ ನಗುತ್ತ ಸಾಲು ಹಿಡಿಯುತ್ತಿದ್ದಳು. ಸುಗರಾಬಿಯ ಸಿಟ್ಟು ಅರ್ಧ ಇಳಿಯಿತು. ಉಳಿದ ಅರ್ಧದಲ್ಲಿ ಅವಳು ತನಗೆ ತಿಳಿದಷ್ಟು ಚೆನ್ನಾಗಿ ವಿವರಿಸಲು ನಿಂತಳು.

“ಕೇಳಿಲ್ಲಿ. ಇದು ಕೆಟ್ಟ ಬ್ಯಾನಿ ಅಲ್ಲ. ಉಷ್ಣಾನೂ ಅಲ್ಲ. ಇದೊಂದು ಬೂಷ್ಟು. ಹಸೀ ಬೀಜ ಗಾಳಿ ಇಲ್ಲದ ಚೀಲದಾಗ ಕಟ್ಟಿಟ್ಟರ ಮ್ಯಾಲ ಬೆಳ್ಳಗ ಬೂಷ್ಟು ಹಿಡೀತದಲ್ಲ, ಆ ಜಾತಿದು. ಎಲ್ಲಾ ಹೆಂಗಸರ ಮೈಯಾಗೂ ಜರಾ ಜರಾ ಇರ್ತದ, ಏನೂ ಮಾಡಂಗಿಲ್ಲ. ದಿನಪೂರ್ತಿ ಹಸೀ ಲಂಗದಾಗ ನಿಂತರ, ಸಬಕಾರ ಹಾಕಿ ಒಳಗ ತೊಳದರ, ಬ್ಯಾರೆ ಬ್ಯಾನಿಗೆ ಜೋರ ಗುಳಿಗಿ ನುಂಗಿದರ ಅದು ಹೆಚ್ಚಾಗತದ. ಆಗ ತುರಿಕಿ, ಉರಿ, ಮೊಸರ ಒಡದಂಗ ಬಿಳಿ ಹೋಗೂದು. ತಿಳೀತೇನು?”

“ಬೀಜದ ಬೂಷ್ಟು ಇದ್ದಂಗ,” ಎಂದಳು ಮೋನಮ್ಮ. ಅವಳ ಮುಖ ಬೆಳಗಿತು. “ಈಗ ತಿಳೀತು ನೋಡು ಆಪಾ. ಇಷ್ಟ ದಿನ ಯಾರೂ ಹಿಂಗ ಬಿಡಿಸಿ ಹೇಳಿದ್ದಿಲ್ಲ.”

“ಗುರುವಾರ ಮತ್ತ ದವಾಖಾನಿಗೆ ಹೋಗೂನು.”

“ಹೋಗೂನು ಬಿಡು.”

ಸುಗರಾಬಿ ಆ ದಿನ ಹೆಮ್ಮೆಯಿಂದ ಮನೆಗೆ ಹೋದಳು. ತರಬೇತಿಯಲ್ಲಿ ಕಲಿಸಿದ ಚಿತ್ರಪಟಕ್ಕಿಂತ ತನ್ನ ಬೀಜದ ಉಪಮೆ ಮೇಲು ಎಂದು ಅವಳಿಗೆ ಅನ್ನಿಸಿತ್ತು. ಆ ಹೆಮ್ಮೆಗೆ ಎರಡೇ ದಿನದ ಆಯುಷ್ಯ.

ಬುಧವಾರ ಮಧ್ಯಾಹ್ನ ಉಪಕಾಲುವೆಯ ಬದಿಯಲ್ಲಿ ನಾಟಿ ಗುಂಪು ಕಂಡಿತು, ಮೋನಮ್ಮ ಕಾಣಲಿಲ್ಲ. ಹಂಗಾಮಿನಲ್ಲಿ ಅವಳು ತಪ್ಪಿಸಿದ್ದೇ ಇಲ್ಲ. “ಎಲ್ಲಿ ನಿಮ್ಮ ಮುಂದಾಳು?” ಎಂದು ಸುಗರಾಬಿ ಕೂಗಿ ಕೇಳಿದಾಗ ಲಾಲಮ್ಮ ಕೈಯಲ್ಲಿದ್ದ ಸಸಿಯ ಕಟ್ಟನ್ನೇ ನೋಡುತ್ತ, “ಅದೇ ಭಾಳ ಆಗ್ಯಾದಂತ. ನಡೀಲಾಕ ಬರವಲ್ದಂತ,” ಎಂದಳು.

ಮೋನಮ್ಮನ ಮನೆಯ ಬಚ್ಚಲಲ್ಲಿ ಒಂದು ಅಗಲವಾದ ಬುಟ್ಟಿಯಷ್ಟು ದೊಡ್ಡ ಪ್ಲಾಸ್ಟಿಕ್ ಪಾತ್ರೆ ಇತ್ತು. ಅದರ ತುಂಬ ಮಬ್ಬು ನೀರು. ಪಕ್ಕದಲ್ಲಿ ಬಾಯಿ ತೆರೆದ ಒಂದು ಪಾಕೀಟು. ಮೋನಮ್ಮ ಗೋಡೆ ಹಿಡಿದು, ಕಾಲು ಅಗಲಿಸಿ ನಿಂತಿದ್ದಳು. ಆ ನೀರಿನಲ್ಲಿ ಕುಳಿತುಕೊಳ್ಳಲು ಸೀರೆ ಎತ್ತಿ ಕಟ್ಟುತ್ತಿದ್ದಳು.

ಸುಗರಾಬಿ ಪಾಕೀಟನ್ನು ಎತ್ತಿಕೊಂಡಳು. ಅದು ಬೀಜೋಪಚಾರದ ಪುಡಿ. ಭತ್ತದ ಬೀಜಕ್ಕೆ ಬೂಷ್ಟು ಹಿಡಿಯದಂತೆ ಬಿತ್ತುವ ಮುಂಚೆ ನೀರಿನಲ್ಲಿ ಕಲಸಿ ನೆನೆಸುವ ಕೀಟನಾಶಕದಂಗಡಿಯ ಪುಡಿ. ಬರಿಗೈಯಲ್ಲಿ ಮುಟ್ಟಬಾರದೆಂದು ಕೈಗವಸಿನ ಚಿತ್ರವನ್ನು ಪಾಕೀಟಿನ ಮೇಲೇ ಅಚ್ಚು ಹಾಕಿದ್ದರು.

“ಮೋನವ್ವಾ, ಇದೇನು?”

“ಬೂಷ್ಟಿಂದು,” ಎಂದಳು ಮೋನಮ್ಮ. “ನೀನೇ ಹೇಳಿದೆಲ್ಲ, ಬೀಜದ ಬೂಷ್ಟು ಇದ್ದಂಗ ಅಂತ. ಸಸಿಮಡಿಗೆ ತಂದಿದ್ದು ಉಳದಿತ್ತು. ನಿನ್ನೆ ಜರಾ ಕಲಸಿ ಹಚ್ಚಿಕೊಂಡೆ. ಭಾಳ ಉರೀತು. ಬೂಷ್ಟು ಸಾಯಾಕತ್ತದ ಅಂದಕೊಂಡೆ. ಬೀಜಕ್ಕ ಒಂದ ದಿನಪೂರ್ತಿ ನೆನಸ್ತೀವಿ, ನಾ ಬರೀ ಹಚ್ಚಿಕೊಂಡಿದ್ದೆ. ಅದಕ ಇವತ್ತ ಒಂದ ತಾಸು ಕುಂದ್ರೂನು ಅಂತ.”

ಯಾರನ್ನು ಬೈಯಬೇಕು ಎಂಬುದೇ ಸುಗರಾಬಿಗೆ ತೋಚಲಿಲ್ಲ. ಹೇಳದಿದ್ದರೆ ಇವರಿಗೆ ತಿಳಿಯುವುದಿಲ್ಲ. ಹೇಳಿದರೆ ಇಷ್ಟು ತಿಳಿಯುತ್ತದೆ. ಆ ಪಾತ್ರೆಯ ನೀರನ್ನು ಯಾರೂ ತುಳಿಯದ ಮೂಲೆಯಲ್ಲಿ ತೆಗ್ಗು ತೋಡಿ ಸುರಿದು ಮಣ್ಣು ಮುಚ್ಚಿದಳು. ಕುಡಿಯುವ ನೀರಿನ ಎರಡು ಕೊಡ ತಂದು, ಮೋನಮ್ಮನ ಹೊರಮೈಯ ಮೇಲೆ ಮೆಲ್ಲಗೆ ಸುರಿಯುತ್ತ ತೊಳೆಸಿದಳು. ಸಾಬೂನು ಮುಟ್ಟಗೊಡಲಿಲ್ಲ. ಚರ್ಮ ಕೆಂಪಾಗಿ ಬೊಬ್ಬೆ ಎದ್ದಿತ್ತು.

“ಇನ್ನ ಮ್ಯಾಲ ನಾ ಯಾರಿಗೂ ಯಾವ ಹೋಲಿಕಿನೂ ಹೇಳಂಗಿಲ್ಲ,” ಎಂದು ಅವಳು ಕೊಡವನ್ನು ಕೆಳಗಿಡುತ್ತ ಹೇಳಿದಳು. “ನಿನ್ನ ಗಂಡನ್ನ ಕರೀ. ಟಂಟಂ ತರ್ಲಿ. ಈ ಪಾಕೀಟೂ ಬರ್ಲಿ ದವಾಖಾನಿಗೆ. ಡಾಕ್ಟರಮ್ಮ ಇದನ್ನ ನೋಡಬೇಕು.”

ಟಂಟಂ ಆಟೋದಲ್ಲಿ ಹೆಂಗಸರಿಬ್ಬರು ಮುಂದೆ ಹೋದರು. ಗಂಡ ಖಂಡಪ್ಪ ಮೋಟಾರ್ ಸೈಕಲ್ಲಿನಲ್ಲಿ ಹಿಂದೆ ಬಂದ. ಬಂದವನು ಒಳಗೆ ಬರದೆ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಅದರ ಕನ್ನಡಿ ಒರೆಸುತ್ತ ನಿಂತ.

ಡಾಕ್ಟರಮ್ಮ ಶಹಾಪುರದ ಕಡೆಯವರು. ಪರೀಕ್ಷೆ ಮಾಡಿ, ಪಾಕೀಟನ್ನು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಒಂದು ತಾಸು ಇದರಾಗ ಕೂತಿದ್ರ ಚರ್ಮ ಕಿತ್ತು ಬರ್ತಿತ್ತು. ಒಳಗ ಹೋಗಿ ಮೈಗೆ ಏರಿದ್ರ ಏನ ಹೇಳೂದು. ಮೋನಮ್ಮ, ಹೋದ ಸಲ ನಾ ಕೇಳಿದಾಗ ಇದೇ ಮೊದಲ ಸಲ ಅಂದಿದ್ದಿ.”

ಮೋನಮ್ಮ ಸುಗರಾಬಿಯ ಕಡೆಗೆ ನೋಡಿದಳು.

“ಹೇಳವ್ವ,” ಎಂದಳು ಸುಗರಾಬಿ. “ಇನ್ನೇನ ಮುಚ್ಚಿಡೂದು ಉಳದದ?”

“ಯುಗಾದಿಯಿಂದ ಇದು ನಾಕನೇದ್ರಿ.”

“ನಾಕನೇದು,” ಎಂದು ಡಾಕ್ಟರಮ್ಮ ಪೆನ್ನು ಎತ್ತಿಕೊಂಡರು. “ನೀರಡಿಕಿ ಹೆಚ್ಚಾಗ್ಯಾದೇನು?”

“ಬಿಸಲಾಗ ದುಡಿಯಾಕಿ, ಆಗ್ತದಲ್ರಿ.”

“ಮೂತ್ರಕ್ಕ?”

“ತಾಸಿಗೊಮ್ಮೆ ಬದುವಿಗೆ ಹತ್ತತೀನಂತ ನನ್ನ ಗುಂಪಿನವರೇ ನಗತಾರ್ರಿ.”

“ಕಾಲಿಗೇನಾಗ್ಯಾದ?”

ಮೋನಮ್ಮನ ಎಡಗಾಲಿನ ಹಿಮ್ಮಡಿಗೆ ಬಟ್ಟೆ ಸುತ್ತಿತ್ತು. ಕೆಸರಿನಲ್ಲಿ ಗಾಜಿನ ಚೂರು ಹೊಕ್ಕು ಎರಡು ತಿಂಗಳಾಗಿತ್ತು. ಊರಿನಲ್ಲಿ ಒಬ್ಬ ಸೂಜಿ ಹಾಕುವವನಿಂದ ಎರಡು ಸಲ ಜೋರಿನ ಗುಳಿಗೆ ತಂದು ನುಂಗಿದ್ದಳು. ಗಾಯ ಇನ್ನೂ ಮಾಗಿರಲಿಲ್ಲ.

ಡಾಕ್ಟರಮ್ಮ ಬೆರಳ ತುದಿ ಚುಚ್ಚಿ ಒಂದು ಹನಿ ರಕ್ತ ತೆಗೆದರು. ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ ಮುನ್ನೂರ ಹತ್ತು ಎಂದು ತೋರಿಸಿತು.

“ಸಕ್ಕರಿ ಬ್ಯಾನಿ ಇದ್ದಂಗದ. ನಾಳೆ ಬರೀ ಹೊಟ್ಟ್ಯಾಗ ಬರ್ರಿ, ಮತ್ತೊಮ್ಮೆ ನೋಡಿ ಖಾತ್ರಿ ಮಾಡೂನು.”

“ನಾ ಸಕ್ಕರಿ ತಿನ್ನಾಕಿ ಅಲ್ಲರಿ,” ಎಂದಳು ಮೋನಮ್ಮ. “ಚಾದಾಗೂ ಬೆಲ್ಲ.”

ಡಾಕ್ಟರಮ್ಮ ಒಂದು ಗಳಿಗೆ ಸುಗರಾಬಿಯ ಮುಖ ನೋಡಿದರು. ಇಂಥ ಮಾತು ದಿನಕ್ಕೆ ಹತ್ತು ಕೇಳುವವರ ದಣಿವು ಆ ನೋಟದಲ್ಲಿತ್ತು. ಆದರೂ ಮೆತ್ತಗೆ ಹೇಳಿದರು: “ತಿಂದದ್ದರಿಂದ ಅಷ್ಟ ಅಲ್ಲವ್ವ. ಮೈಯೊಳಗ ಅದನ್ನ ಅರಗಸೂ ಶಕ್ತಿ ಕಡಿಮಿ ಆದ್ರ ರಕ್ತದಾಗ ಸಕ್ಕರಿ ಏರ್ತದ. ರಕ್ತದಾಗ ಸಕ್ಕರಿ ಏರಿದ್ರ ಆ ಬೂಷ್ಟಿಗೆ ದಿನಾ ಹಬ್ಬ. ನಾ ಎಷ್ಟ ಗುಳಿಗಿ ಕೊಟ್ಟರೂ ಮತ್ತ ಮತ್ತ ಬರ್ತದ. ವರ್ಷದಾಗ ಮೂರು ನಾಕು ಸಲ ಬಂತಂದ್ರ ರಕ್ತ ತೋರಸಲೇಬೇಕು. ಕಾಲಿನ ಗಾಯಾನೂ ಅದಕ ಮಾಗಿಲ್ಲ. ಮ್ಯಾಲ ಆ ಜೋರ ಗುಳಿಗಿ ನುಂಗೀದಿ. ಅವು ಒಳಗಿನ ಒಳ್ಳೆ ಕ್ರಿಮಿಗಳನ್ನೂ ಕೊಲ್ತಾವ, ಬೂಷ್ಟಿಗೆ ತಡೆಯೋರೇ ಇಲ್ಲದಂಗಾತು.”

ಸುಗರಾಬಿ ತನ್ನ ಚೀಲದೊಳಗಿನ ದಿನಚರಿ ಪುಸ್ತಕವನ್ನು ತೆರೆದಳು. ಯುಗಾದಿಯ ಮರುವಾರ: ಮೋನಮ್ಮ, ತುರಿಕೆ. ಕಾರಹುಣ್ಣಿಮೆಯ ಸುಮಾರಿಗೆ: ಮೋನಮ್ಮ, ಮತ್ತೆ ತುರಿಕೆ. ಅವಳದೇ ಅಕ್ಷರ. ಒಂದೊಂದು ಸಲವೂ ಬರೆದಿದ್ದಳು, ಒಂದೊಂದು ಸಲವೂ ಬೇಸರಪಟ್ಟಿದ್ದಳು. ಒಟ್ಟಿಗೆ ಓದಿ ನೋಡಿರಲಿಲ್ಲ. ಊರವರ ಮೇಲೆ ಕುದಿಯುತ್ತಿದ್ದ ಸಿಟ್ಟು ಮೊದಲ ಸಲ ತನ್ನ ಕಡೆಗೆ ತಿರುಗಿತು. ಅದು ಹೆಚ್ಚು ಸುಡುತ್ತಿತ್ತು.

“ಖಂಡಪ್ಪಗ ಹೇಳ್ಲೇನು?” ಎಂದು ಅವಳು ಮೋನಮ್ಮನನ್ನು ಕೇಳಿದಳು. “ನೀ ಬ್ಯಾಡಂದ್ರ ಹೇಳಂಗಿಲ್ಲ.”

ಮೋನಮ್ಮ ಹೊರಗಿನ ಬೇವಿನ ಮರದ ಕಡೆಗೆ ನೋಡಿದಳು. “ಹೇಳು. ನಾ ಹೇಳಿದ್ರ ನಂಬಂಗಿಲ್ಲ.”

ಖಂಡಪ್ಪ ಒಳಗೆ ಬಂದು ಗೋಡೆಗೆ ಒರಗಿ ನಿಂತ. ಅವನು ಎರಡೆಕರೆಯ ರೈತ, ಮಾತು ಕಡಿಮೆ.

“ತಮ್ಮಾ,” ಎಂದಳು ಸುಗರಾಬಿ, “ಹೆಂಡತೀನ ಬಳಿಚಕ್ರಕ್ಕ ಬಿಡ್ತೀಯಂತ?”

“ನಾ ಏನೂ ಅಂದಿಲ್ರಿ ಆಪಾ. ಪಡಸಾಲ್ಯಾಗ ಗಾಳಿ ಚಲೋ ಬರ್ತದಂತ ಮಲಗೀನಿ.”

“ನಾಕ ತಿಂಗಳಿಂದ ಗಾಳಿ ಬರಾಕತ್ತದೇನು?”

ಖಂಡಪ್ಪ ನೆಲ ನೋಡಿದ. “ಮಂದಿ ಅಂತಾರ್ರಿ. ಇಂಥಾ ಬ್ಯಾನಿ ಸುಮ್ಮ ಬರಂಗಿಲ್ಲಂತ.”

“ಯಾವ ಮಂದಿ?”

“ಮಂದಿ.”

ಡಾಕ್ಟರಮ್ಮ ಕುರ್ಚಿಯನ್ನು ಅವನ ಕಡೆಗೆ ತಿರುಗಿಸಿದರು. “ನೋಡಪ್ಪಾ, ಇದು ಯಾರೋ ಯಾರಿಗೋ ತಂದು ಹಚ್ಚಿದ ಬ್ಯಾನಿ ಅಲ್ಲ. ಮದುವಿ ಆಗದ ಹುಡುಗ್ಯಾರಿಗೂ ಬರ್ತದ. ಬಸುರಿಯರಿಗೆ ಭಾಳ ಬರ್ತದ. ಇದಕ್ಕೂ ನಡತಿಗೂ ಸಂಬಂಧ ಇಲ್ಲ. ಔಷಧ ಮುಗಿಯೂತನಕ ಕೂಡಬ್ಯಾಡ್ರಿ, ಆಕಿಗೆ ಉರಿ ಹೆಚ್ಚಾಗ್ತದ. ನಿನಗೂ ತುರಿಕಿ ಇದ್ರ ಮುಚ್ಚಿಡದ ಬಂದು ತೋರಸು. ಅಷ್ಟೇ. ಆಕಿಗೆ ಇರೂದು ಸಕ್ಕರಿ ಬ್ಯಾನಿ, ಅದಕ ಮನಿಯವರು ಬೇಕು.”

ಖಂಡಪ್ಪ ಗಾಡಿಯ ಕೀಲಿಯನ್ನು ಬೆರಳಲ್ಲಿ ತಿರುಗಿಸತೊಡಗಿದ. ಅದು ಒಪ್ಪಿಗೆಯೋ ಹಟವೋ ತಿಳಿಯದೆ ಸುಗರಾಬಿಯ ತಾಳ್ಮೆ ತೀರಿತು. ಹೋಲಿಕೆ ಹೇಳುವುದಿಲ್ಲವೆಂದು ಮಧ್ಯಾಹ್ನ ಮಾಡಿದ ಪ್ರತಿಜ್ಞೆ ಸಂಜೆಯೊಳಗೆ ಮುರಿಯಿತು.

“ನಿನ್ನ ಸಸಿಮಡಿಗೆ ಬೂಷ್ಟು ಬಂತಂದ್ರ ಏನ ಮಾಡ್ತೀ?”

“ನಿಂತ ನೀರ ಬಸಿತೀನ್ರಿ. ಔಷಧ ಹೊಡೀತೀನಿ.”

“ಸಸಿಗಳನ್ನ ತವರಮನಿಗೆ ಕಳಸ್ತೀಯೇನು?”

ಮೋನಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಹೇಳುವಂತಿರಲಿಲ್ಲ. ಖಂಡಪ್ಪ ಗೋಡೆಯಿಂದ ಬೆನ್ನು ತೆಗೆದ. ಡಾಕ್ಟರಮ್ಮನನ್ನು ಕೇಳಿದ: “ಸಕ್ಕರಿ ಬ್ಯಾನಿಗೆ ಜ್ವಾಳದ ರೊಟ್ಟಿ ನಡೀತದೇನ್ರಿ? ಅನ್ನ ಕಡಿಮಿ ಮಾಡಬೇಕಂತಾರಲ್ಲ?”

ಆ ಪ್ರಶ್ನೆ ಕೇಳಿದ ಮೇಲೆ ಸುಗರಾಬಿ ಹೊರಗೆ ಬಂದು, ಬೇವಿನ ಮರದ ಕೆಳಗೆ ಕುಳಿತು, ಬೆಳಗಿನಿಂದ ಕುಡಿಯದೆ ಉಳಿದಿದ್ದ ನೀರು ಕುಡಿದಳು.

ಮರುದಿನದ ಪರೀಕ್ಷೆಯೂ ಅದನ್ನೇ ಹೇಳಿತು. ಸುಟ್ಟ ಚರ್ಮಕ್ಕೆ ಬೇರೆ ಮುಲಾಮು, ಒಳಗಿನ ಬೂಷ್ಟಿಗೆ ಮಲಗುವಾಗ ಇಟ್ಟುಕೊಳ್ಳುವ ಹೊಸ ಗುಳಿಗೆ, ಸಕ್ಕರೆಗೆ ದಿನವೂ ನುಂಗುವ ಗುಳಿಗೆ, ಕಾಲಿನ ಗಾಯಕ್ಕೆ ಪಟ್ಟಿ. ಯಾವುದನ್ನು ನುಂಗುವುದು, ಯಾವುದನ್ನು ಇಟ್ಟುಕೊಳ್ಳುವುದು ಎಂದು ಸುಗರಾಬಿ ಮೂರು ಸಲ ಹೇಳಿಸಿ ಕೇಳಿದಳು. ಕಾಲು ಮಾಗುವವರೆಗೆ ಕೆಸರಿಗೆ ಇಳಿಯಬಾರದೆಂದು ಆಜ್ಞೆಯಾಯಿತು. ಮುಂದಾಳು ಬದುವಿನ ಮೇಲೆ ಕುಳಿತೇ ಸಾಲು ನೋಡಿಕೊಂಡಳು.

ನಾಲ್ಕು ದಿನ ಕಳೆದ ಮೇಲೆ ಸುಗರಾಬಿ ಹೋದಾಗ ಪಡಸಾಲೆಯಲ್ಲಿ ಹಾಸಿಗೆ ಇರಲಿಲ್ಲ.

“ಹೊರಗ ಸೊಳ್ಳಿ ಭಾಳ ಅಂತ ಒಳಗ ಬಂದಾನ,” ಎಂದಳು ದುರಗಮ್ಮ ಹುಣಸೆಹಣ್ಣಿನ ಮೊರದಿಂದ ತಲೆ ಎತ್ತದೆ. “ಇಷ್ಟ ದಿನ ಸೊಳ್ಳಿ ಇದ್ದಿಲ್ಲ ಕಾಣ್ತದ.”

ನಾಟಿಯ ಕೊನೆಯ ದಿನ ಊಟದ ಹೊತ್ತಿಗೆ ಗುಂಪೆಲ್ಲ ಬದುವಿಗೆ ಹತ್ತಿತು. ಮೋನಮ್ಮ ಪಂಪಿನ ಮನೆಯನ್ನು ತೋರಿಸಿ, “ಮೊದಲ ಒಣಾ ಲಂಗ ಉಟ್ಟು ಬರ್ರಿ, ಆಮ್ಯಾಲ ಬುತ್ತಿ ಬಿಚ್ಚತೀನಿ,” ಎಂದಳು. ಒಬ್ಬೊಬ್ಬರ ಚೀಲದಲ್ಲೂ ಒಂದು ಹತ್ತಿಯ ಒಣ ಬಟ್ಟೆ ಇರಬೇಕೆಂದು ಆ ವಾರ ಅವಳೇ ಕಟ್ಟಳೆ ಮಾಡಿದ್ದಳು. ಲಾಲಮ್ಮ ಗೊಣಗುತ್ತ ಹೋದಳು, ಉಟ್ಟು ಬಂದಳು.

“ಇನ್ನ ಮ್ಯಾಲ ಈ ಕೈ ರೊಟ್ಟಿ ಹಂಚ್ತದ, ಗುಳಿಗಿ ಹಂಚಂಗಿಲ್ಲ,” ಎಂದಳು ಮೋನಮ್ಮ. “ಲಾಲಮ್ಮಾ, ಹಣಮಮ್ಮಾ, ಗುರುವಾರ ಟಂಟಂ ಬರ್ತದ. ಇಬ್ಬರೂ ಹತ್ತಬೇಕು.”

“ನನಗೇನ ಅಷ್ಟಿಲ್ಲ,” ಎಂದಳು ಹಣಮಮ್ಮ. “ಜರಾ ವಾಸನಿ ಬರ್ತದ, ಹಳದಿ ಹೋಗ್ತದ, ಕಿಬ್ಬೊಟ್ಟಿ ನೋಯ್ತದ, ಅಷ್ಟೇ.”

ಬದುವಿನ ತುದಿಯಲ್ಲಿ ರೊಟ್ಟಿ ಮುರಿಯುತ್ತಿದ್ದ ಸುಗರಾಬಿಯ ಕೈ ನಿಂತಿತು. “ಅಷ್ಟೇ ಅಂತೀಯಲ್ಲ. ವಾಸನಿ ಇದ್ರ, ಬಣ್ಣ ಬದಲಾದ್ರ, ಹೊಟ್ಟಿ ನೋವಾದ್ರ ಅದು ಈ ಬೂಷ್ಟು ಅಲ್ಲ, ಬ್ಯಾರೆ ಸೋಂಕು. ಮೋನಮ್ಮನ ಗುಳಿಗಿ ನಿನಗ ಮುಟ್ಟೂದೇ ಇಲ್ಲ. ನೀ ಗುರುವಾರತನಕ ಕಾಯಬ್ಯಾಡ, ನಾಳೇನೇ ನಡೀ.”

ನಾಟಿ ಮುಗಿದ ಮರುದಿನ ಖಂಡಪ್ಪ ಹೆಂಡತಿಯನ್ನು ಗಾಡಿಯ ಮೇಲೆ ಕೂರಿಸಿಕೊಂಡು ಬಳಿಚಕ್ರಕ್ಕೆ ಹೋದ. ಊರು ಪಿಸುಗುಟ್ಟಿತು. ಸುಗರಾಬಿ ಎರಡು ದಿನವೂ ಆ ಮನೆಯ ಬಾಗಿಲಿಗೆ ಹೋಗಿ ನೋಡಿ ಬಂದಳು. ಮೂರನೆಯ ದಿನ ಅವರು ಇಬ್ಬರೇ ಹೋದವರು ಮೂವರಾಗಿ ಬಂದರು. ಮೋನಮ್ಮನ ಹಿಂದೆ ಅವಳ ಅಕ್ಕ ಕುಳಿತಿದ್ದಳು.

“ನಾಟಿ ಮುಗೀತಂತ ತವರ ನೋಡಿ ಬರಾಕ ಹೋಗಿದ್ವಿ ಆಪಾ. ಬಳಿಚಕ್ರದಾಗ ಕಾಲುವಿ ಇಲ್ಲ, ಕೆಸರ ಇಲ್ಲ,” ಎಂದಳು ಮೋನಮ್ಮ. “ಕಾಲುವಿ ನೀರಿಗೇ ಇದು ಬರ್ತದಂತ ನಾ ಇಷ್ಟ ವರ್ಷ ತಿಳದಿದ್ದೆ. ನಮ್ಮಕ್ಕಗ ಎರಡ ವರ್ಷದಿಂದ ಅದ. ಒಬ್ಬರಿಗೂ ಹೇಳಿಲ್ಲ. ನಾ ನಂದು ಹೇಳಿದ ಮ್ಯಾಲ ತನ್ನದು ಹೇಳಿದ್ಲು.”

“ಏನಾಗ್ತದವ್ವ?” ಎಂದು ಸುಗರಾಬಿ ಅಕ್ಕನನ್ನು ಕೇಳಿದಳು.

ಅಕ್ಕ ತಂಗಿಯ ಮುಖ ನೋಡಿದಳು. “ಅದೇರಿ,” ಎಂದಳು.

ಸುಗರಾಬಿ ಕಣ್ಣು ಮುಚ್ಚಿ ಹತ್ತು ಎಣಿಸಿದಳು. ಆದರೆ ಈ ಸಲ ಅವಳು ಬಾಯಿ ತೆರೆಯುವ ಮುಂಚೆ ಮೋನಮ್ಮನೇ ಹೇಳಿದಳು: “ಅದೇ ಅನಬ್ಯಾಡಕ್ಕಾ. ತುರಿಕಿ ಅನ್ನು. ಬಿಳಿ ಹೋಗ್ತದ ಅನ್ನು. ಎಷ್ಟ ಸಲ ಬಂದದ ಅಂತ ಖರೆ ಹೇಳು. ಸುಳ್ಳ ಹೇಳಿದ್ರ ನಂಗಾದಂಗ ಆಗ್ತದ.”

ಹೊರಡಲು ಚೀಲ ಹೆಗಲಿಗೇರಿಸಿದ ಸುಗರಾಬಿಯನ್ನು ಕಟ್ಟೆಯ ಮೇಲಿನ ದನಿ ತಡೆಯಿತು. ದುರಗಮ್ಮ ಮೊರವನ್ನು ಪಕ್ಕಕ್ಕಿಟ್ಟಿದ್ದಳು. ಅತ್ತ ಇತ್ತ ನೋಡಿ, ಮಗ ಹತ್ತಿರ ಇಲ್ಲವೆಂದು ಖಾತ್ರಿ ಮಾಡಿಕೊಂಡು ಹೇಳಿದಳು: “ಸುಗರಾ, ಗುರುವಾರ ಟಂಟಂದಾಗ ನನಗೂ ಜರಾ ಜಾಗ ಇಡು.”

ತಾಯಂದಿರೇ, ಅಕ್ಕತಂಗಿಯರೇ, ಇದನ್ನು ಓದುತ್ತಿರುವ ಗಂಡಸರೇ,

ಯೋನಿಯ ಈ ಬೂಷ್ಟು ಸೋಂಕು ಬಹಳ ಸಾಮಾನ್ಯವಾದದ್ದು, ಔಷಧಕ್ಕೆ ಬಗ್ಗುವಂಥದ್ದು. ಯಾರ ಶೀಲದ ಮೇಲಿನ ಕಲೆಯೂ ಅಲ್ಲ. ತಿಂಗಳ ನಡುವೆ ತುರಿಕೆಯಿಲ್ಲದೆ, ಕೆಟ್ಟ ವಾಸನೆಯಿಲ್ಲದೆ ಸ್ವಲ್ಪ ಬಿಳಿ ಹೋಗುವುದು ದೇಹದ ಸಹಜ ಧರ್ಮ, ಅದಕ್ಕೆ ಹೆದರಬೇಡಿ. ತುರಿಕೆ, ಉರಿ, ಮೊಸರಿನಂಥ ಗಟ್ಟಿ ಬಿಳುಪು ಕಂಡರೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ, ಕೊಟ್ಟ ಔಷಧವನ್ನು ಕೊನೆಯ ಗುಳಿಗೆಯವರೆಗೂ ನೀವೊಬ್ಬರೇ ಮುಗಿಸಿ. ಬಸುರಿಯಾಗಿದ್ದರೆ ಅದನ್ನು ಮೊದಲು ತಿಳಿಸಿ. ದುರ್ವಾಸನೆ, ಹಳದಿ ಅಥವಾ ಹಸಿರು ಸ್ರಾವ, ಜ್ವರ, ಕಿಬ್ಬೊಟ್ಟೆಯ ನೋವು, ಕಾಲವಲ್ಲದ ಕಾಲದಲ್ಲಿ ರಕ್ತ ಇವುಗಳಲ್ಲಿ ಒಂದಿದ್ದರೂ ತಡ ಮಾಡಬೇಡಿ. ಮತ್ತೆ ಮತ್ತೆ ಬರುತ್ತಿದ್ದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳಿ. ಒಳಗೆ ಸಾಬೂನು ಹಾಕಬೇಡಿ. ಗದ್ದೆಯಿಂದ ಹತ್ತಿದ ಕೂಡಲೇ ಒದ್ದೆಯನ್ನು ಬದಲಾಯಿಸಿ. ಹೊಲಕ್ಕೆಂದು ತಂದ ಪುಡಿ ಹೊಲಕ್ಕಷ್ಟೇ ಇರಲಿ.

ಡಾಕ್ಟರರ ಮುಂದೆ ಕುಳಿತಾಗ ನಿಜ ಹೇಳಿ. ಮೊದಲ ಸಲವೆಂದು ಹೇಳಿ ಬಂದ ಒಂದು ಸಣ್ಣ ಸುಳ್ಳು ಮೋನಮ್ಮನ ಸಕ್ಕರೆ ಬೇನೆಯನ್ನು ಮುಚ್ಚಿಟ್ಟಿತ್ತು, ಮನೆಯನ್ನೇ ಮುರಿಯುವುದರಲ್ಲಿತ್ತು. ನಿಮ್ಮ ಸಾಲಿನ ಪಕ್ಕದಲ್ಲಿ ನಿಂತವಳು “ಅದೇ” ಎಂದಳೋ, ಅವಳನ್ನು ಅಲ್ಲಿಗೇ ಬಿಡಬೇಡಿ. ಏನೆಂದು ಕೇಳಿ, ಕೈ ಹಿಡಿದು ಗುರುವಾರದ ಟಂಟಂ ಹತ್ತಿಸಿ.